ಎಡಣ್ಣ, ಬಲಣ್ಣ ಮತ್ತು ಹಗ್ಗ ಬಿಟ್ಟ ಕೈ

ಫೆಬ್ರವರಿ 3

ಅಕ್ಕ,

ಎಡಣ್ಣ ಬಲಣ್ಣ ಸಿಕ್ಕಿದ್ದಾರೆ!

ಒಂಬತ್ತು ವರ್ಷದ ಮೇಲೆ ಬರೆಯುವ ಕಾಗದ ಹೀಗೆ ಶುರುವಾಗಬಾರದು ಎಂದು ನನಗೂ ಗೊತ್ತು. ಬೆಳಗಿನಿಂದ ಮೂರು ಹಾಳೆ ಹರಿದೆ. ಒಂದರಲ್ಲಿ ಕ್ಷೇಮ ಕೇಳಿದ್ದೆ, ಒಂದರಲ್ಲಿ ಕ್ಷಮೆ ಕೇಳಿದ್ದೆ, ಮೂರನೆಯದರಲ್ಲಿ ಎರಡನ್ನೂ ಕೇಳಲು ಹೋಗಿ ಯಾವುದು ಯಾಕೆ ಎಂದು ನನಗೇ ಗೊಂದಲವಾಯಿತು. ಫೋನ್ ಮಾಡಿದರೆ ನೀನು ಇಟ್ಟುಬಿಡುತ್ತೀಯ. ಕಾಗದವನ್ನು ಓದದೆ ಬಿಸಾಡಲಾರೆ; ಕಾಗದ ನಿನ್ನ ಕಸುಬು.

ನಾನು ಇಲ್ಲಿ ಏನು ಮಾಡುತ್ತೇನೆ ಎಂದು ನಿನಗೆ ಹೇಳಿಯೇ ಇಲ್ಲ. ಇದು ಹಳೆಯ ಫಿಲ್ಮುಗಳ ಉಗ್ರಾಣ. ರೀಲುಗಳನ್ನು ಡಬ್ಬಿಯಿಂದ ತೆಗೆದು ಒರೆಸುವುದು, ಹರಿದಲ್ಲಿ ಅಂಟಿಸುವುದು, ಒಳಗೆ ಏನಿದೆ ಎಂದು ಬರೆದಿಡುವುದು ನನ್ನ ಕೆಲಸ. ಒಂಥರಾ ನಿನ್ನ ಪುಸ್ತಕದ ಬೈಂಡಿಂಗೇ, ಹಾಳೆ ಮಾತ್ರ ಸಣ್ಣದು. ನಿನ್ನೆ ತುಕ್ಕು ಹಿಡಿದ ಡಬ್ಬಿಯೊಂದು ಮೇಜಿಗೆ ಬಂತು. ಮೇಲೆ ಯಾರೋ ಎಂದೋ ಅಂಟಿಸಿದ ಚೀಟಿ: ‘ಇಬ್ಬರು ಗಂಡಸರು, ಒಂದು ಬೀರು.’ ತೆಗೆದರೆ ಹುಳಿ ವಾಸನೆ ಮೂಗಿಗೆ ಹೊಡೆಯಿತು. ಮೊದಲ ಎರಡು ಮಾರು ಬೆಳಕಿಗೆ ಹಿಡಿದು ಭೂತಗನ್ನಡಿ ಇಟ್ಟೆ.

ಅಕ್ಕ, ಅದೇ ಎರಡು ಟೋಪಿ! ಅದೇ ಎರಡು ಕರಿಕೋಟು, ಅದೇ ಎರಡು ಮೀಸೆ. ಒಬ್ಬನ ಬಲಗೈ ಜೇಬಿನಲ್ಲಿ, ಇನ್ನೊಬ್ಬನ ಎಡಗೈ ಜೇಬಿನಲ್ಲಿ. ನಾನು ಕಿರುಚಿದ್ದಕ್ಕೆ ಪಕ್ಕದ ಕೋಣೆಯಿಂದ ನಕಲು ತೆಗೆಯುವ ಮಶೀನಿನವರು ಓಡಿಬಂದು, “ಏನಾಯ್ತು, ಇಲೀನಾ?” ಎಂದರು.

“ಇಲಿ ಅಲ್ಲ, ಎಡಣ್ಣ” ಎಂದೆ.

ನಿನಗೆ ನೆನಪಿದೆಯೇ, ಕಾರ್ಮಿಕರ ಸಭಾಂಗಣದಲ್ಲಿ ಬಟ್ಟೆ ಕಟ್ಟಿ ಇವರ ಸಿನಿಮಾ ತೋರಿಸಿದ್ದು? ಆ ಸಿನಿಮಾದ ತಾತ ಮಶೀನಿನ ಹಿಡಿಕೆ ತಿರುಗಿಸುವ ಮೊದಲು ಹೇಳಿದ್ದು ಒಂದೇ ಮಾತು: “ಎಡಗೈಯವನು ಎಡಣ್ಣ, ಬಲಗೈಯವನು ಬಲಣ್ಣ. ಉಳಿದದ್ದು ನಿಮ್ಮ ಕಣ್ಣಿಗೆ ಬಿಟ್ಟದ್ದು.” ನನಗೆ ಎಂಟು, ನಿನಗೆ ಹನ್ನೊಂದು. ಮಾರನೆಯ ದಿನದಿಂದಲೇ ಎಡಚಿಯಾದ ನಾನು ಎಡಣ್ಣ, ನೀನು ಬಲಣ್ಣ.

ಅವರು ಎಂಥ ಕಲಾವಿದರು ಎಂದು ಈಗ ಕಾಣುತ್ತಿದೆ. ಒಂದೇ ಜೊತೆ ಕೈಗವಸನ್ನು ಇಬ್ಬರೂ ಹಂಚಿಕೊಂಡು ಹಾಕುತ್ತಾರೆ. ಒಂದು ಬೂಟಿನ ದಾರ ಕಟ್ಟಲು ಇಬ್ಬರೂ ಬೇಕು, ಇಬ್ಬರೂ ಬಗ್ಗುತ್ತಾರೆ, ತಲೆ ತಲೆ ಢೀ. ಮೊದಲ ದೃಶ್ಯದಲ್ಲಿ ಕೈ ಕುಲುಕಲು ಹೋಗುತ್ತಾರೆ. ಇವನು ಎಡಗೈ ಚಾಚುತ್ತಾನೆ, ಅವನು ಬಲಗೈ. ಎದುರು ಬದುರು ನಿಂತರೆ ಅವು ಕುಲುಕಲು ಹೊಂದುವುದೇ ಇಲ್ಲ. ಹೀಗೆ ತಿರುಗಿಸುತ್ತಾರೆ, ಹಾಗೆ ತಿರುಗಿಸುತ್ತಾರೆ, ಕಡೆಗೆ ಸ್ಕೂಲಿಗೆ ಹೊರಟ ಮಕ್ಕಳ ಹಾಗೆ ಕೈ ಕೈ ಹಿಡಿದು ನಿಂತುಬಿಡುತ್ತಾರೆ. ಮುಖದಲ್ಲಿ ಒಂದು ಗೆರೆಯೂ ಅಲುಗುವುದಿಲ್ಲ. ಇಪ್ಪತ್ತು ಸಲ ನೋಡಿದೆ. ಇಪ್ಪತ್ತೊಂದನೆಯ ಸಲವೂ ನಗು ಬಂತು.

ಈಗ ಕೆಲಸದ ಮಾತು. ಈ ಫಿಲ್ಮು ಮುದುರುತ್ತಿದೆ, ಇನ್ನೊಂದು ಬೇಸಿಗೆ ತಡೆಯದು. ಮಾರ್ಚ್ ಕೊನೆಯೊಳಗೆ ಹೊಸ ನಕಲು ತೆಗೆಯಬೇಕು. ಆದರೆ ಗುರುತು ಸಿಕ್ಕ ಫಿಲ್ಮುಗಳಿಗೆ ಮಾತ್ರ ಈ ವರ್ಷ ನಕಲು. ಇದರಲ್ಲಿ ಹೆಸರಿನ ಪಟ್ಟಿ ಇಲ್ಲ, ಮೂಕಿ ಸಿನಿಮಾದ ನಡುನಡುವೆ ಬರುವ ಅಕ್ಷರದ ಪಟ್ಟಿ ಒಂದೂ ಇಲ್ಲ, ಎಲ್ಲ ಉದುರಿಹೋಗಿವೆ. ಯಾವ ಪುಸ್ತಕದಲ್ಲೂ ಈ ಜೋಡಿಯ ಸುದ್ದಿಯಿಲ್ಲ. ಮಹಡಿಯಲ್ಲಿ ಕೂರುವ ಮೇಡಂಗೆ ನಾನು ಕಣ್ಣಾರೆ ನೋಡಿದ್ದೇನೆ ಎಂದೆ. ಅವರು ಕನ್ನಡಕದ ಮೇಲಿಂದ ನೋಡಿ, “ಒಬ್ಬರ ನೆನಪು ಕತೆ ಆಗುತ್ತೆ ಕಣಮ್ಮ. ಇಬ್ಬರದಾದ್ರೆ ಸಾಕ್ಷಿ ಆಗುತ್ತೆ. ಇನ್ನೊಬ್ಬರನ್ನ ತಾ” ಎಂದರು.

ಇಡೀ ಲೋಕದಲ್ಲಿ ನನಗೆ ಗೊತ್ತಿರುವ ಇನ್ನೊಬ್ಬಳು ನೀನೇ. ನೆನಪಿರುವುದನ್ನು ಬರೆದು ಕಳಿಸು. ಬೀರು ಇಳಿಸುವಾಗ ಹಗ್ಗ ಬಿಟ್ಟವನು ಯಾರು ಎನ್ನುವುದನ್ನು ಮುಖ್ಯವಾಗಿ ಬರೆ. ನಾನು ಬಲಣ್ಣ ಎಂದು ಬರೆದುಕೊಟ್ಟಿದ್ದೇನೆ. ಫಿಲ್ಮಿನ ಆ ಭಾಗ ಅಂಟಿಕೊಂಡಿದೆ, ಇನ್ನೂ ಬಿಡಿಸಬೇಕು.

ನೀನು ಬರೆಯದೆ ಹೋದರೂ ನನಗೆ ಅರ್ಥವಾಗುತ್ತದೆ. ಆದರೆ ಬರೆ.

ತಂಗಿ


ಫೆಬ್ರವರಿ 19

ಕಾಗದ ತಲುಪಿತು. ನಿನ್ನ ಅಕ್ಷರ ಇನ್ನೂ ಹಿಂದಕ್ಕೇ ವಾಲುತ್ತೆ. ಇಂಗ್ಲಿಷ್ ಸ್ಕೂಲಿನ ಟೀಚರ್ರು ಎಡಗೈ ಕಟ್ಟಿಹಾಕಿ ಕಲಿಸಿದರೂ ಅದು ತನ್ನ ಹಟ ಬಿಟ್ಟಿಲ್ಲ.

ನಿಮ್ಮ ಭಾವ ಕಾಗದ ತಂದುಕೊಟ್ಟು, “ಸತ್ತವರು ಎದ್ದು ಬಂದ್ರು ನೋಡೇ” ಅಂದರು. ಎಡಣ್ಣ ಬಲಣ್ಣನಿಗೆ ಅಂದದ್ದೋ ನಿನಗೆ ಅಂದದ್ದೋ ಕೇಳಲಿಲ್ಲ.

ಸಾಕ್ಷಿ ಬೇಕಂದ್ರೆ ತಗೋ. ಇಬ್ಬರು. ಒಂದೇ ಥರ ಕೋಟು, ಟೋಪಿ, ಮೀಸೆ. ಎರಡನೇ ಮಹಡಿ ಕಿಟಕಿಯಿಂದ ರಾಟೆ ಹಾಕಿ ಬೀರು ಇಳಿಸ್ತಾರೆ. ಬೀದೀಲಿ ನಿಂತು ಇಬ್ಬರೂ ಒಂದೊಂದು ಕೈಲಿ ಹಗ್ಗ ಹಿಡಿದಿರ್ತಾರೆ. ಕೊಡೆ ಹಿಡಿದ ಹೆಂಗಸು ಹಾದುಹೋಗ್ತಾಳೆ. ಒಬ್ಬ ಮರ್ಯಾದೆಗೆ ಟೋಪಿ ಎತ್ತಕ್ಕೆ ಅಂತ ಹಗ್ಗ ಬಿಡ್ತಾನೆ. ಬಿಟ್ಟವನು ಎಡಣ್ಣ. ಆಗಲೂ ಹೇಳಿದ್ದೆ, ಈಗಲೂ ಹೇಳ್ತೀನಿ. ಕೋರ್ಟಿಗೆ ಕರೆದರೂ ಇದೇ.

ಮಳಿಗೆಯಲ್ಲಿ ಕೆಲಸ ಇದೆ. ಇಷ್ಟೇ.

ಅಕ್ಕ


ಫೆಬ್ರವರಿ 27

ಅಕ್ಕ,

ನಿನ್ನ ಕಾಗದವನ್ನು ಬಾಗಿಲಲ್ಲೇ ನಿಂತು ಓದಿದೆ. ಕೊಡೆ ಹಿಡಿದ ಹೆಂಗಸು! ನನಗೆ ಅವಳು ಮರೆತೇ ಹೋಗಿದ್ದಳು. ನೀನು ಬರೆದ ಕೂಡಲೇ ಅವಳ ಕೊಡೆಯ ಜಾಲರಿ ಸಮೇತ ಕಣ್ಣಿಗೆ ಬಂದಳು.

ಮೇಡಂ ಎರಡು ಹೇಳಿಕೆಗಳನ್ನೂ ಪಕ್ಕ ಪಕ್ಕ ಇಟ್ಟುಕೊಂಡು ಓದಿದರು. “ಎರಡು ಸಾಕ್ಷಿ ಕೇಳಿದ್ರೆ ಎರಡು ಜಗಳ ತಂದಿದ್ದೀಯಲ್ಲಮ್ಮ” ಎಂದರು. ಆದರೂ ಜೋಡಿಯ ಗುರುತಿಗೆ ಇಷ್ಟು ಸಾಕು ಎಂದು ಒಪ್ಪಿ, ನಕಲಿಗೆ ಸಹಿ ಹಾಕಿದ್ದಾರೆ! ಒಂದೇ ಷರತ್ತು, ಎಡ ಯಾವುದು ಬಲ ಯಾವುದು ಎಂದು ಖಾತ್ರಿಯಾಗಬೇಕು.

ಯಾಕೆಂದು ಹೇಳುತ್ತೇನೆ. ಅಂಟಿಕೊಂಡಿದ್ದ ಭಾಗವನ್ನು ಆರು ದಿನ ಹಬೆಯಲ್ಲಿಟ್ಟು ಗೇಣು ಗೇಣಾಗಿ ಬಿಡಿಸಿದೆ. ಮೊನ್ನೆ ಹಗ್ಗದ ದೃಶ್ಯ ಬಂತು. ಮಶೀನಿನ ಗಾಜಿನ ಮೇಲೆ ನೋಡಿದೆ. ಹಗ್ಗ ಬಿಟ್ಟದ್ದು ಎಡಗೈ. ಎಡಣ್ಣ.

ನೀನು ಗೆದ್ದೆ. ನಗಬೇಡ. ಮೂವತ್ತೈದು ವರ್ಷ ನಾನು ಬಲವಾಗಿ ನಂಬಿದ್ದು ಬೇರೆ ಏನೂ ಇಲ್ಲ. ದೇವರ ಬಗ್ಗೆ ಕೇಳಿದರೂ ಯೋಚಿಸಿ ಹೇಳುತ್ತೇನೆ ಎನ್ನುವವಳು ನಾನು. ಬಲಣ್ಣನ ವಿಷಯದಲ್ಲಿ ಮಾತ್ರ ಯೋಚಿಸಿದವಳಲ್ಲ. ನಾನು ನಮ್ಮಿಬ್ಬರ ಮಳಿಗೆ ಬಿಟ್ಟು ಹೊರಟ ದಿನ ನೀನು ಏನು ಅಂದೆ, ನೆನಪಿದೆಯೇ? ಲೈಬ್ರರಿಯ ನಾನೂರು ಪುಸ್ತಕ ಮೇಜಿನ ಮೇಲೆ ಬಿಚ್ಚಿಕೊಂಡು ಬಿದ್ದಿದ್ದವು. ಕೆಲಸ ಸಿಕ್ಕಿದೆ ಎಂದು ಹೊರಡುವ ವಾರದಲ್ಲಿ ಹೇಳಿದ್ದು ನನ್ನ ತಪ್ಪು. ನೀನು ಹೊಲಿಗೆಯಿಂದ ತಲೆ ಎತ್ತದೆ, “ಹೋಗು. ಹಗ್ಗ ಬಿಡೋದು ಎಡಣ್ಣನ ಹಣೇಲೇ ಬರೆದಿದೆ” ಎಂದೆ. ನಾನು ಹೊಸಿಲ ಮೇಲೆ ನಿಂತು, “ಬಿಟ್ಟದ್ದು ಬಲಣ್ಣ” ಎಂದೆ. ನಾವು ಆಡಿದ ಕೊನೆಯ ಮಾತು ಅದು. ಇಷ್ಟು ವರ್ಷ ಆ ಮಾತನ್ನು ಊರುಗೋಲಿನ ಹಾಗೆ ಹಿಡಿದು ನಡೆದಿದ್ದೇನೆ. ಈಗ ನೋಡಿದರೆ ಕೋಲು ನಿನ್ನದು.

ಆದರೆ ಮಶೀನಿನವರು ಹೇಳಿದರು: “ಅಷ್ಟು ಬೇಗ ಸೋಲ್ಬೇಡಿ. ಇದು ನಕಲಿನ ನಕಲು. ಹಿಂದೆ ಯಾರೋ ಪ್ರಿಂಟ್ ಹಾಕುವಾಗ ಮಗ್ಗುಲು ಬದಲಾಗಿದ್ರೆ ಇಡೀ ಪಟ ತಿರುವು ಮುರುವು. ಕನ್ನಡೀಲಿ ನೋಡಿದ ಹಾಗೆ.” ಅಕ್ಷರದ ಪಟ್ಟಿ ಒಂದಿದ್ದರೂ ತಿಳಿದುಬಿಡುತ್ತಿತ್ತು. ಬೀದಿಯಲ್ಲಿ ಒಂದು ಗಡಿಯಾರವಿಲ್ಲ, ಒಂದು ಬೋರ್ಡಿಲ್ಲ. ಕೋಟಿನ ಗುಂಡಿ ನೋಡೋಣ ಎಂದರೆ ಆ ಪುಣ್ಯಾತ್ಮರು ತಮಾಷೆಗೆಂದೇ ಒಬ್ಬ ಎಡಕ್ಕೆ, ಒಬ್ಬ ಬಲಕ್ಕೆ ಗುಂಡಿ ಹಾಕಿದ್ದಾರೆ! ತಿರುಗಿಸಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ನೂರು ವರ್ಷ ಕಳೆದರೂ ನಮ್ಮನ್ನು ಆಟ ಆಡಿಸುತ್ತಿದ್ದಾರೆ.

ಮಾರ್ಚ್ ಕೊನೆಯೊಳಗೆ ಖಾತ್ರಿಯಾಗದಿದ್ದರೆ ಇದ್ದ ಹಾಗೇ ನಕಲು ಮಾಡಿಬಿಡೋಣ ಎನ್ನುತ್ತಾರೆ ಮೇಡಂ. ಮಾಡಿದರೆ ನಿನ್ನ ಮಾತೇ ಶಾಶ್ವತ. ತಪ್ಪಾಗಿದ್ದರೆ ಎಡಣ್ಣ ಎಂದೆಂದಿಗೂ ಬಲಣ್ಣನಾಗಿ ಉಳಿಯುತ್ತಾನೆ, ಸರಿಪಡಿಸಲು ಅಸಲು ಇರುವುದಿಲ್ಲ. ನಾನು ಗೆಲ್ಲಬೇಕೆಂದು ಹಟ ಮಾಡುತ್ತಿದ್ದೇನೋ, ಸತ್ಯ ಬೇಕೆಂದೋ? ನನಗೇ ಅನುಮಾನ. ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ. ಹಗ್ಗದ ದೃಶ್ಯದ ಆರು ಚಿತ್ರ ದೊಡ್ಡದು ಮಾಡಿಸಿ ಈ ಕಾಗದದ ಜೊತೆ ಇಟ್ಟಿದ್ದೇನೆ. ನೋಡು.

ಒಂದು ಮಾತ್ರ ಸ್ಪಷ್ಟವಾಗಿ ನೆನಪಿದೆ. ಹಗ್ಗ ಬಿಟ್ಟಾಗ ನಾನು ಹೆದರಿ ಕಣ್ಣು ಮುಚ್ಚಿ ನಿನ್ನ ಕೈ ಹಿಡಿದುಕೊಂಡೆ. ಸಿನಿಮಾ ಮುಗಿಯುವ ತನಕ ಕಣ್ಣು ಬಿಡಲಿಲ್ಲ, ಕೈಯನ್ನೂ ಬಿಡಲಿಲ್ಲ.

ನಿನ್ನ ತಂಗಿ


ಮಾರ್ಚ್ 11

ಎಡಚೀ,

ಅದು ನನ್ನ ಕೈ ಅಲ್ಲ ಕಣೇ! ನಿನ್ನ ಪಕ್ಕ ಕೂತಿದ್ದು ದರ್ಜಿ ಹೆಂಡತಿ. “ನಿನ್ನ ತಂಗಿ ಉಗುರಿಂದ ನನ್ನ ಅಂಗೈಗೆ ಗುಂಡಿ ಕಾಜಾ ಮಾಡಿದ್ಲು” ಅಂತ ಆಮೇಲೆ ವಾರಗಟ್ಟಲೆ ಹೇಳ್ತಿದ್ಲು. ಅದಿರಲಿ, ಆಮೇಲೆ ಬರ್ತೀನಿ.

ಮೊದಲು ಹಗ್ಗ. ಚಿತ್ರ ಮೇಜಿನ ಮೇಲೆ ಇಟ್ಟ ತಕ್ಷಣ ಏನೋ ಕಣ್ಣಿಗೆ ಚುಚ್ಚಿತು. ಕೈಯನ್ನೂ ಮುಖವನ್ನೂ ಬಿಟ್ಟು ಹಗ್ಗದ ಹುರಿ ನೋಡು. ಹಗ್ಗ ನೆಟ್ಟಗೆ ಹಿಡಿದರೆ ಎಳೆಗಳು ಕೆಳಗಿನ ಎಡದಿಂದ ಮೇಲಿನ ಬಲಕ್ಕೆ ಏರಬೇಕು. ನಿನ್ನ ಚಿತ್ರದಲ್ಲಿ ಬಲದಿಂದ ಎಡಕ್ಕೆ ಏರ್ತಾ ಇವೆ. ಹಾಗೆ ಹೊಸೆದ ಹಗ್ಗ ಯಾರೂ ಮಾಮೂಲು ಕೆಲಸಕ್ಕೆ ಇಟ್ಟುಕೊಳ್ಳಲ್ಲ. ಆದರೂ ಅನುಮಾನ ಬೇಡ ಅಂತ ಚಿತ್ರ ಹಿಡಿದುಕೊಂಡು ಬೀದಿ ಸುತ್ತಿದೆ. ಲಾರಿಯವನ ಹಗ್ಗ, ಬಣ್ಣ ಬಳಿಯೋರ ಹಗ್ಗ, ಎದುರುಮನೆ ಉಯ್ಯಾಲೆ ಹಗ್ಗ, ಒಟ್ಟು ಹನ್ನೊಂದು ನೋಡಿದೆ. ಹನ್ನೊಂದೂ ಬಲಕ್ಕೇ. ಲಾರಿಯವನು “ಏನಕ್ಕಾ, ನೇಣಿಗಾ?” ಅಂದ. “ಇಬ್ಬರನ್ನ ಇಳಿಸಕ್ಕೆ” ಅಂದೆ.

ನಿಮ್ಮ ಫಿಲ್ಮು ತಿರುವು ಮುರುವಾಗಿದೆ. ಸರಿ ಮಾಡಿ ನೋಡಿದರೆ ಬಿಟ್ಟವನು ಬಲಣ್ಣ. ನೀನು ಹೇಳಿದ್ದೇ ಸರಿ. ಈ ಸಾಲು ಬರೆಯಕ್ಕೆ ನನಗೆ ಎರಡು ಲೋಟ ಟೀ ಬೇಕಾಯ್ತು.

ಹುರಿ ನನಗೆ ಹೇಗೆ ಗೊತ್ತಾಯ್ತು ಅಂತೀಯಾ? ನಿನ್ನಿಂದಲೇ. ನೀನು ಎಡಗೈಲಿ ಪುಸ್ತಕ ಹೊಲಿದರೆ ನೂಲು ಬಿಚ್ಚಿಕೊಳ್ತಿತ್ತು. ಮೊದಲ ವರ್ಷ ನಿನ್ನನ್ನೇ ಬೈದೆ. ಆಮೇಲೆ ತಪ್ಪು ಕೈದಲ್ಲ, ನೂಲಿನದು ಅಂತ ಹೊಳೀತು. ಎದುರು ಹುರಿಯ ನೂಲು ಬೇರೆ ತರಿಸಿ ನಿನ್ನ ಕಡೆ ಇಡ್ತಿದ್ದೆ. ನಿನಗೆ ಹೇಳಲಿಲ್ಲ. ಹೇಳಿದರೆ ಮುಖ ಸಣ್ಣ ಮಾಡ್ಕೊಳ್ತಿದ್ದೆ. ಆ ಉಂಡೆ ಇನ್ನೂ ನಿನ್ನ ಖಾನೇಲೇ ಇದೆ. ಬೇರೆ ಯಾರ ಕೈಗೂ ಅದು ಒಗ್ಗಲ್ಲ.

ಈಗ ನನ್ನ ಪೆದ್ದುತನ ಕೇಳು. ಅವತ್ತು ಸಭಾಂಗಣದಲ್ಲಿ ಬಟ್ಟೆ ಕಟ್ಟಿದ್ದು ನಟ್ಟ ನಡುವೆ. ಮುಂದಿನ ಕಡೆ ತುಂಬಿಹೋಗಿತ್ತು. ದರ್ಜಿ ಹೆಂಡತಿ ಪಕ್ಕ ಒಬ್ಬರಿಗೆ ಜಾಗ ಇತ್ತು. ನೀನು ಗಿಡ್ಡಿ, ನಿನ್ನನ್ನ ಅಲ್ಲಿ ಕೂರಿಸಿ ನಾನು ಬಟ್ಟೆ ಹಿಂದೆ ಹೋದೆ. ಅಲ್ಲೂ ಪಟ ಚೆನ್ನಾಗೇ ಕಾಣ್ತಿತ್ತು. ಆದರೆ ಹಿಂದಿನಿಂದ ನೋಡಿದರೆ ಎಡ ಬಲ ಆಗುತ್ತೆ, ಬಲ ಎಡ ಆಗುತ್ತೆ ಅಂತ ಮೂವತ್ತೈದು ವರ್ಷ ನನ್ನ ತಲೆಗೆ ಹೋಗಲಿಲ್ಲ. ದಿನಾ ಹಾಳೆ ತಿರುಗಿಸೋ ಹೆಂಗಸು ನಾನು! ನಿನ್ನೆ ಚಿತ್ರ ಮಗುಚಿ ಬೆಳಕಿಗೆ ಹಿಡಿದಾಗ ಆ ಬಟ್ಟೆ ನೆನಪಿಗೆ ಬಂತು. ಒಬ್ಬಳೇ ನಕ್ಕೆ. ನಿಮ್ಮ ಭಾವ ಒಳಗಿಂದ, “ಯಾರೇ ಬಂದಿರೋದು?” ಅಂದರು.

ಅಕ್ಕ


ಮಾರ್ಚ್ 18

ಅಕ್ಕ,

ಹಗ್ಗದ ಹುರಿಯನ್ನು ಮೇಡಂಗೆ ತೋರಿಸಿದೆ. ಅವರು ಕೆಳಗಿಳಿದು ಹೋಗಿ, ಕಾವಲುಗಾರನ ಸೈಕಲ್ಲಿಗೆ ಕಟ್ಟಿದ್ದ ಹಗ್ಗ ಬಿಚ್ಚಿಸಿ ತಂದು ಪಕ್ಕದಲ್ಲಿಟ್ಟು ನೋಡಿದರು. “ನಿಮ್ಮಕ್ಕನಿಗೆ ಇಲ್ಲಿ ಕೆಲಸ ಬೇಕಾ ಕೇಳು” ಎಂದರು. ಫಿಲ್ಮನ್ನು ಮಗುಚಿ ನಕಲು ತೆಗೆದಾಯಿತು. ಇನ್ನು ಯಾವ ಬೇಸಿಗೆ ಬಂದರೂ ಹೆದರಿಕೆಯಿಲ್ಲ. ಡಬ್ಬಿಯ ಹೊಸ ಚೀಟಿ ನನ್ನ ಕೈಯಲ್ಲೇ ಬರೆದೆ, ಎಡಗೈಯಲ್ಲಿ: ‘ಎಡಣ್ಣ ಬಲಣ್ಣ. ಗುರುತು ಹಿಡಿದವರು: ಅಕ್ಕ, ತಂಗಿ.’

ನಾನು ಗೆದ್ದೆ. ಕುಣಿದೆ ಕೂಡ, ಮಶೀನಿನವರನ್ನು ಕೇಳು. ಆದರೆ ಮನೆಗೆ ನಡೆಯುತ್ತಾ ಒಂದು ಮಾತು ಕಾಲಿಗೆ ತೊಡರಿತು. ನಾನು ಸರಿಯಾಗಿ ನೋಡಿದ್ದು ನನ್ನ ಜಾಣತನವಲ್ಲ. ನೀನು ಬಿಟ್ಟುಕೊಟ್ಟ ಜಾಗ ಅದು. ಅಲ್ಲಿ ಕೂತು ನೋಡಿದ್ದನ್ನೇ ಹಿಡಿದು ನಿನ್ನ ಜೊತೆ ಮೂವತ್ತೈದು ವರ್ಷ ವಾದ ಮಾಡಿದೆ.

ಕಣ್ಣು ಮುಚ್ಚಿ ಕಳೆದುಕೊಂಡಿದ್ದ ಭಾಗವನ್ನು ಈಗ ನೋಡಿದೆ. ಅಕ್ಕ, ಅದೇ ಎಲ್ಲಕ್ಕಿಂತ ಚಂದ! ಬಲಣ್ಣ ಹಗ್ಗ ಬಿಟ್ಟ ಕೂಡಲೇ ಬೀರು ಸರ್ರನೆ ಇಳಿಯುತ್ತದೆ, ಹಗ್ಗ ಬಿಡದ ಎಡಣ್ಣ ಸರ್ರನೆ ಮೇಲೇರಿ ರಾಟೆಗೆ ನೇತಾಡುತ್ತಾನೆ. ಬಲಣ್ಣ ಟೋಪಿ ಇಟ್ಟುಕೊಂಡು ತಿರುಗಿ ನೋಡಿದರೆ ಪಕ್ಕದಲ್ಲಿ ಯಾರೂ ಇಲ್ಲ. ಆಮೇಲೆ ಎಷ್ಟು ಹುಡುಕುತ್ತಾನೆ! ಬೀರಿನ ಕೆಳಗೆ ಬಗ್ಗುತ್ತಾನೆ, ಬೀರಿನ ಹಿಂದೆ ನೋಡುತ್ತಾನೆ, ಒಂದೊಂದೇ ಡ್ರಾಯರ್ ಎಳೆದು ಅದರೊಳಗೆ ಇಣುಕುತ್ತಾನೆ. ಕೊಡೆಯ ಹೆಂಗಸನ್ನು ಓಡಿಹೋಗಿ ಕೇಳುತ್ತಾನೆ. ಮೇಲೆ ಮಾತ್ರ ನೋಡುವುದಿಲ್ಲ. ನೇತಾಡುತ್ತಿರುವವನೂ ಹಟಮಾರಿ, ಕೂಗುವುದಿಲ್ಲ. ಕಡೆಗೆ ಬಲಣ್ಣ ಸೋತು ಬೀರಿನೊಳಗೆ ಕೂತು ಬಾಗಿಲು ಹಾಕಿಕೊಳ್ಳುತ್ತಾನೆ. ಎಡಣ್ಣನ ಕೈ ಜಾರುತ್ತದೆ, ಬೀರಿನ ಮೇಲ್ಹಲಗೆ ಒಡೆದು ಒಳಗೇ ಬೀಳುತ್ತಾನೆ. ಬಾಗಿಲು ತಾನಾಗಿ ತೆರೆಯುತ್ತದೆ. ಇಬ್ಬರೂ ಪಕ್ಕ ಪಕ್ಕ. ಕೈ ಕುಲುಕಲು ಹೋಗುತ್ತಾರೆ...

ಹಿಂದಿನಿಂದಾದರೂ ನೀನು ಇದನ್ನೆಲ್ಲ ನೋಡಿದ್ದೆ. ಯಾಕೆ ಒಂದು ದಿನವೂ ಹೇಳಲಿಲ್ಲ?

ನಾನೂ ಒಂದು ಹೇಳಿಲ್ಲ. ಇಲ್ಲಿ ಕೆಲಸಕ್ಕೆ ಸೇರಿದ ಮರುವರ್ಷವೇ ಒಮ್ಮೆ ನಿಮ್ಮ ಬೀದಿಗೆ ಬಂದಿದ್ದೆ. ಎದುರಿನ ಮೆಟ್ಟಿಲ ತನಕ. ‘ಅಕ್ಕ ತಂಗಿ ಬೈಂಡಿಂಗ್’ ಬೋರ್ಡಿನಲ್ಲಿ ‘ತಂಗಿ’ ಇರಲಿಲ್ಲ, ಅಲ್ಲಿ ಬರೀ ಬಿಳಿ ಬಣ್ಣವಿತ್ತು. ನೀನು ಒಳಗೆ ಬಗ್ಗಿ ಹೊಲಿಯುತ್ತಿದ್ದೆ. ಕೂಗಬಹುದಿತ್ತು. ತಿರುಗಿ ಹೊರಟೆ.

ಏಪ್ರಿಲ್ 20ಕ್ಕೆ ಇಲ್ಲಿಯ ಸಣ್ಣ ಹಾಲಿನಲ್ಲಿ ಇವರನ್ನು ತೋರಿಸುತ್ತಾರೆ, ಸಂಜೆ ಐದಕ್ಕೆ. ಗೋಡೆಯ ಪರದೆ ಬೇಡ, ನಡುವೆ ಬಟ್ಟೆ ಕಟ್ಟಿ ಎಂದು ಕೇಳಿಕೊಂಡಿದ್ದೇನೆ. ನೀನು ಬಂದರೆ ಮುಂದೆ ಕೂತುಕೋ. ಈ ಸಲ ಹಿಂದೆ ನಾನು.

ನಿನ್ನ ಎಡಚಿ


ಏಪ್ರಿಲ್ 4

ಎಡಚೀ,

‘ತಂಗಿ’ ಮೇಲೆ ಬಣ್ಣ ಹೊಡೆದಿದ್ದು ನಾನೇ. ಸುಳ್ಳು ಹೇಳಲ್ಲ. ಆ ನಾನೂರು ಪುಸ್ತಕ ಒಬ್ಬಳೇ ಮುಗಿಸಿದ ದಿನ, ಸಿಟ್ಟಲ್ಲಿ, ಸ್ಟೂಲ್ ಹಾಕ್ಕೊಂಡು ಹೊಡೆದೆ. ಮಾರನೇ ದಿನ ತಪ್ಪು ಮಾಡಿದೆ ಅನ್ನಿಸ್ತು, ಆದರೂ ಹಾಗೇ ಬಿಟ್ಟೆ. ನೀನು ಬಂದಿದ್ದೆ ಅಂತ ಈಗ ಗೊತ್ತಾಯ್ತು. ಎದುರು ಮೆಟ್ಟಿಲಿಂದ ನನ್ನ ಮೇಜಿಗೆ ಹದಿನೈದು ಹೆಜ್ಜೆ. ನಾನು ಇವತ್ತು ಅಳೆದು ನೋಡಿದೆ.

ಹುಡುಕಾಟ ಯಾಕೆ ಹೇಳಲಿಲ್ಲ ಅಂತ ಕೇಳ್ತೀಯಾ? ಮೊದಲೆಲ್ಲ ನಿನಗೂ ಗೊತ್ತಿದೆ ಅಂದುಕೊಂಡೆ. ನೀನು ಹೋದ ಮೇಲೆ ಅದನ್ನೇ ಲೆಕ್ಕ ಹಾಕಿಕೊಂಡು ಕೂತೆ. ಬಿಟ್ಟವನು ಎಡಣ್ಣ, ಬಿಟ್ಟವನೇ ಹುಡುಕ್ಕೊಂಡು ಬರಬೇಕು, ಸಿನಿಮಾದಲ್ಲಿ ಹಾಗೇ ಇದೆ. ನಾನು ರಾಟೆಗೆ ನೇತಾಡ್ತಾ ಕೂಗದೆ ಕಾದೆ. ಒಂಬತ್ತು ವರ್ಷ.

ಈಗ ಹಗ್ಗ ಬೇರೆ ಹೇಳ್ತಿದೆ. ಬಿಟ್ಟವನು ಬಲಣ್ಣ. ಹಾಗಂದ್ರೆ ಹುಡುಕ್ಕೊಂಡು ಬರಬೇಕಾದವಳು ನಾನು. ನನ್ನ ಸಾಕ್ಷಿ ನನ್ನ ಕೊರಳಿಗೇ ಬಂತು.

ನಿಮ್ಮ ಭಾವನಿಗೆ ಮಳಿಗೆ ಬೀಗ ಕೊಟ್ಟು 20ನೇ ತಾರೀಕು ಮಧ್ಯಾಹ್ನದ ರೈಲಿಗೆ ಬರ್ತೀನಿ. ನಿನ್ನ ನೂಲಿನ ಉಂಡೆ ತರ್ತಿದೀನಿ. ಹಳೇದಾಗಿದೆ, ಆದರೂ ಹುರಿ ಗಟ್ಟಿ ಇದೆ. ಹಿಂದೆ ಗಿಂದೆ ಯಾರೂ ಕೂರೋದು ಬೇಡ. ಇಬ್ಬರೂ ಮುಂದೆ. ನೀನು ನನ್ನ ಎಡಕ್ಕೆ ಕೂತ್ಕೋ, ಮೊಣಕೈ ತಾಗಲ್ಲ. ತಾಗಿದ್ರೂ ಪರವಾಗಿಲ್ಲ. ಹೆದರಿಕೆ ಆದರೆ ಈ ಸಲ ಯಾರ ಕೈ ಅಂತ ನೋಡಿ ಹಿಡಿ.

ಸ್ಟೇಷನ್ನಿಗೆ ಬಾ. ನನ್ನ ಕೂದಲು ಬೆಳ್ಳಗಾಗಿದೆ, ಗುರುತು ಸಿಗದಿದ್ದರೆ ನಾನು ಬಲಗೈ ಚಾಚಿಕೊಂಡು ನಿಂತಿರ್ತೀನಿ. ನೀನು ನಿನ್ನ ಎಡಗೈ ಚಾಚು. ಮುಖದಲ್ಲಿ ಒಂದು ಗೆರೆಯೂ ಅಲುಗಬಾರದು, ನೆನಪಿರಲಿ.

ನಿನ್ನ ಬಲಣ್ಣ